ಕಿಟಕಿಗೆ ಕಟ್ಟಿದ ಬಲೆ

ಮದುವೆಗಳ ಕಾಲ ಮುಗಿದು ಮಳೆ ಇನ್ನೂ ಶುರುವಾಗದ ನಡುವಿನ ದಿನಗಳು. ಹೊಲಿಗೆ ಅಂಗಡಿಯಲ್ಲಿ ಹೊಸ ಬಟ್ಟೆಯ ಕೆಲಸ ಕಡಿಮೆಯಾಗಿತ್ತು. ಸಡಿಲ ಮಾಡುವುದು, ಬಿಗಿ ಮಾಡುವುದು, ಹರಿದದ್ದನ್ನು ಕೂಡಿಸುವುದು, ಇಂಥವೇ ಮೇಜಿನ ಮೇಲೆ ರಾಶಿ ಬಿದ್ದಿದ್ದವು. ಬೀದಿಯವರೆಲ್ಲ ಕತ್ತರಿ ಎಂದೇ ಕರೆಯುತ್ತಿದ್ದ ದರ್ಜಿ ಆ ಮಧ್ಯಾಹ್ನ ಮೀನು ಲಾರಿಯ ಡ್ರೈವರನ ಪ್ಯಾಂಟಿಗೆ ರಫೂ ಹಾಕುತ್ತಿದ್ದ. ಡ್ರೈವರ್ ಸೊಂಟಕ್ಕೆ ಟವೆಲ್ಲು ಸುತ್ತಿಕೊಂಡು, ಹೊರಗೆ ಹೋಗಲಾಗದೆ, ಸ್ಟೂಲಿನ ಮೇಲೆ ಕಾಲು ಕೂಡಿಸಿಕೊಂಡು ಕೂತಿದ್ದ.

"ಮನೆ ಚೆನ್ನಾಗಿದೆ. ಮರಳಿನ ಮೇಲೇ ಇದೆ. ಅಜ್ಜಿ ಕೇಳೋ ಬಾಡಿಗೆ ನಿನ್ನ ಬೀಡಿ ಖರ್ಚಿಗಿಂತ ಕಡಿಮೆ," ಎಂದ ಡ್ರೈವರ್. "ಆದ್ರೆ ಸಮುದ್ರದ ಕಡೆ ಕಿಟಕಿಗೆ ಒಂದು ಬಲೆ ಕಟ್ಟಿದಾಳೆ. ಅದನ್ನ ಮಾತ್ರ ಮುಟ್ಟಬೇಡ."

"ಸೊಳ್ಳೆ ಬಲೆಯಾ?"

"ನಗಬೇಡ ಮಾರಾಯ. ಅವಳ ಗಂಡ ಬದುಕಿದ್ದಾಗ ದೋಣಿಯ ಹುಟ್ಟು ತಗೊಂಡು ಅವಳ ಮೈ ಮುರೀತಿದ್ದ. ತಡೀಲಾರದೆ ಮಾಟ ಮಾಡಿಸಿದಳು. ಅವನ ಅಂಗಿಯ ತುಂಡಿಗೆ ತನ್ನ ತಲೆಗೂದಲು ಸುತ್ತಿ, ಗಂಟು ಹಾಕಿ, ನೀರಿಗೆ ಬಿಟ್ಟಳು. ಆಮೇಲೆ ದೋಣಿ ಬಂತು, ಅವನು ಬರಲಿಲ್ಲ. ಸಮುದ್ರ ನುಂಗಿದ್ದೇನೋ ಸರಿ, ಅರಗಿಸಿಕೊಳ್ಳಲಿಲ್ಲ ನೋಡು. ಸಂಜೆ ನೀರೇರಿದಾಗೆಲ್ಲ ಮನೆಗೆ ಬರ್ತಾನೆ. ಕಿಟಕಿ ಬಡೀತಾನೆ. ಬಲೆ ಇದೆ ಅಂತ ವಾಪಸು ಹೋಗ್ತಾನೆ."

ಕತ್ತರಿ ಸೂಜಿಯನ್ನು ಬೆಳಕಿಗೆ ಹಿಡಿದು ನಕ್ಕ. "ಸತ್ತ ಮೇಲೂ ಸಂಜೆಗೆ ಸರಿಯಾಗಿ ಮನೆ ಸೇರ್ತಾನಾ? ಬದುಕಿರೋ ಗಂಡಂದಿರನ್ನೆಲ್ಲ ಕರ್ಕೊಂಡು ಹೋಗಿ ತೋರಿಸಬೇಕು ಅವನನ್ನ."

"ಮೊದಲು ನಿಮಗೇ ತೋರಿಸ್ಬೇಕು," ಎಂದಳು ಒಳಗಿನ ಮಿಶನ್ನಿನ ಹಿಂದಿನಿಂದ ಅವನ ಹೆಂಡತಿ. ಗುಂಡಿ ಹೊಲಿದು ಮುಗಿಸಿ ದಾರವನ್ನು ಹಲ್ಲಿನಿಂದ ಕಟಕ್ಕನೆ ಕಡಿದಳು.

"ಹಲ್ಲಲ್ಲಿ ಕಡೀಬೇಡ ಅಂತ ಎಷ್ಟು ಸಲ ಹೇಳ್ಲಿ? ಕತ್ತರಿ ಇಲ್ವಾ?"

"ಇದೆಯಲ್ಲ, ಮಾತಾಡ್ತಾ ಕೂತಿದೆ."

ಡ್ರೈವರ್ ಕೂಡ ನಕ್ಕುಬಿಟ್ಟ. ಆ ನಗುವಿನಲ್ಲೇ ಬಲೆಯ ಮಾತು ಮುಗಿಯಿತು.

ಅವಳು ಸಮುದ್ರ ಕಂಡವಳಲ್ಲ. ಮಿಶನ್ನಿನ ಎದುರಿನ ಗೋಡೆಗೆ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಅಂಟಿಸಿಕೊಂಡಿದ್ದಳು. ತೆರೆದ ಕಿಟಕಿ, ಬಿಳಿಯ ಹಾಸಿಗೆ, ಆಚೆ ನೀಲಿ ನೀರು. ಮದುವೆ ಗೊತ್ತಾದ ದಿನವೇ ಕತ್ತರಿ ಮಾತು ಕೊಟ್ಟಿದ್ದ: ಹೀಗೇ ಮಲಗಿಕೊಂಡೇ ಸಮುದ್ರ ನೋಡುವ ಹಾಗೆ ಮಾಡುತ್ತೇನೆ ಅಂತ. ಆಮೇಲೆ ಹೋಟೆಲುಗಳ ರೇಟು ವಿಚಾರಿಸಿ ಬಾಯಿ ಮುಚ್ಚಿಕೊಂಡಿದ್ದ. ಈಗ ದೇವರೇ ಡ್ರೈವರನ ಪ್ಯಾಂಟಿನ ಮಂಡಿ ಹರಿದು ಕಳಿಸಿದಂತಾಯಿತು. ರಫೂ ಮುಗಿದ ಪ್ಯಾಂಟನ್ನು ಅವನು ಕೊಡವಿ ಹಿಡಿದ.

"ಎಲ್ಲಿ ಹರಿದಿತ್ತು ತೋರಿಸು ನೋಡೋಣ."

ಡ್ರೈವರ್ ಬೆರಳಾಡಿಸಿದ. ಸಿಗಲಿಲ್ಲ. ಅದೊಂದು ವಿಷಯದಲ್ಲಿ ಕತ್ತರಿಯ ಜಂಬ ಸುಳ್ಳಲ್ಲ. ಅವನ ಕೈ ಕೂಡಿಸಿದ್ದನ್ನು ಹರಿದ ಬಟ್ಟೆಯೂ ಮರೆತುಬಿಡುತ್ತಿತ್ತು.

*

ಮನೆ ಎಂದರೆ ಒಂದೇ ಕೋಣೆ. ಹಲಗೆಯ ಗೋಡೆ, ಉಪ್ಪುಗಾಳಿಗೆ ಬೂದಿ ಬಣ್ಣಕ್ಕೆ ತಿರುಗಿದ ಮಾಡು, ಬಾಗಿಲಿಗೆ ಅಡ್ಡ ಹಾಕಲು ತೋಳಿನಷ್ಟು ದಪ್ಪದ ಅಗುಳಿ. ಪಕ್ಕದಲ್ಲೇ ಅಡುಗೆಯ ಗುಡಿಸಲು. ಮನೆಯೊಡತಿ ಅಜ್ಜಿ ಬಾಡಿಗೆಯವರು ಬಂದಾಗ ಅಲ್ಲಿ ಮಲಗುತ್ತಿದ್ದಳು. ಅವಳ ಕೆಳದವಡೆ ಒಂದು ಕಡೆಗೆ ಜಾರಿ ಕೂತಿತ್ತು. ಮಾತಾಡುವಾಗ ತುಟಿ ಒಂದು ದಿಕ್ಕಿಗೆ ಹೋದರೆ ಮಾತು ಇನ್ನೊಂದು ದಿಕ್ಕಿನಿಂದ ಬರುತ್ತಿತ್ತು. ಬಲಗೈಯ ಬೆರಳುಗಳು ಮುರಿದು, ಹೇಗೆ ಬೇಕೋ ಹಾಗೆ ಕೂಡಿಕೊಂಡಿದ್ದವು.

ಬಲೆ ಕಿಟಕಿಗೆ ಒಳಗಿನಿಂದ ಕಟ್ಟಿತ್ತು. ಚೌಕಟ್ಟಿನ ಸುತ್ತ ಮೊಳೆ ಹೊಡೆದು ಬಿಗಿದಿದ್ದಳು. ನೂಲಿನ ಜೊತೆಗೆ ಕೂದಲು ಸೇರಿಸಿ ಹೆಣೆದದ್ದು. ಮೇಲ್ಗಡೆ ಕಪ್ಪು ಕೂದಲು, ನಡುವೆ ಕಂದು, ಕೆಳಗೆ ಬರುತ್ತ ಬರುತ್ತ ಪೂರ್ತಿ ಬಿಳಿ. ಅವಳ ಆಯುಸ್ಸೆಲ್ಲ ಆ ಕಿಟಕಿಯಲ್ಲಿ ಇಳಿದು ಬಂದಿತ್ತು.

"ಬಾಚಿದಾಗ ಉದುರಿದ್ದೆಲ್ಲ ಇದಕ್ಕೇ," ಎಂದಳು ಅಜ್ಜಿ. "ಸಂಜೆ ಸದ್ದಾಗುತ್ತೆ. ಮಾತಾಡಬೇಡಿ. ಕಿಟಕಿ ತೆರೀಬೇಡಿ. ಇಷ್ಟೇ."

"ನೀವು ಊರು ಬಿಟ್ಟು ಎಲ್ಲೂ ಹೋಗಲ್ವಾ ಅಜ್ಜಿ?" ಹೆಂಡತಿ ಕೇಳಿದಳು.

"ಎಲ್ಲಿಗೆ ಹೋಗ್ಲಿ ತಾಯಿ? ದಿನಾ ಸಂಜೆ ಗಂಟು ಮುಟ್ಟಿ ನೋಡ್ಬೇಕು. ಒಂದು ಸಡಿಲಾದ್ರೂ ಆಯ್ತು." ಅವಳು ಹೊಸ ಹುಡುಗಿಯ ಮುಖವನ್ನು ಒಂದು ಗಳಿಗೆ ನೋಡಿದಳು. "ನಿನ್ನ ಗಂಡ ಒಳ್ಳೆಯವನಾ?"

"ಬಾಯಿ ಜಾಸ್ತಿ. ಕೈ ಒಳ್ಳೇದು," ಎಂದು ಹುಡುಗಿ ನಕ್ಕಳು.

ಅಜ್ಜಿ ನಗಲಿಲ್ಲ.

ಆ ಸಂಜೆ ನೀರು ಏರಿತು. ಅಲೆಯ ಸದ್ದು ಹತ್ತಿರವಾಗುತ್ತ ಹಲಗೆಯಡಿಯ ಮರಳಿನವರೆಗೆ ಬಂತು. ಆಮೇಲೆ ಕಿಟಕಿಯ ಬಾಗಿಲು ಬಡಿಯಿತು. ನಿಧಾನವಾಗಿ, ಒದ್ದೆ ಮರದಿಂದ ಒಣ ಮರಕ್ಕೆ ಬಡಿದ ಹಾಗೆ. ಹೆಂಡತಿ ಅವನ ತೋಳು ಹಿಡಿದಳು. "ತೇಲಿ ಬಂದ ದಿಮ್ಮಿ ಕಣೇ," ಎಂದ ಕತ್ತರಿ ಪಿಸುದನಿಯಲ್ಲಿ. ಬಡಿತ ನಿಂತಿತು. ಬಲೆಯ ಗಂಟುಗಳು ಒಮ್ಮೆ ಒಳಕ್ಕೆ ಉಬ್ಬಿ ಮತ್ತೆ ಚಪ್ಪಟೆಯಾದವು. ಗಾಳಿ, ಎಂದುಕೊಂಡ. ಬೆಳಗಾಗುವಷ್ಟರಲ್ಲಿ ಅದನ್ನೇ ನಂಬಿದ.

ಮರುದಿನ ಮಧ್ಯಾಹ್ನ ಅಜ್ಜಿ ನೀರಿಳಿದ ಕಡೆ ಚಿಪ್ಪು ಆಯಲು ಹೋದಳು. ಕೋಣೆಯಲ್ಲಿ ಸೆಖೆ. ಹಲಗೆಯ ಸಂದಿಯಿಂದ ಬಿಸಿಲಿನ ಗೆರೆಗಳು ಹಾಸಿಗೆಯ ಮೇಲೆ ಬಿದ್ದಿದ್ದವು. ಹೆಂಡತಿ ಮುಚ್ಚಿದ ಕಿಟಕಿಯನ್ನೇ ನೋಡುತ್ತ ಮಲಗಿದ್ದಳು.

"ಬರೀ ಸದ್ದು ಕೇಳಿಸ್ಕೊಳ್ಳೋಕೆ ಇಷ್ಟು ದೂರ ಬಂದ್ವಾ?" ಎಂದಳು. "ನಮ್ಮ ಕ್ಯಾಲೆಂಡರೇ ವಾಸಿ."

ಅಷ್ಟು ಸಾಕಾಯಿತು. ಕತ್ತರಿ ಚೀಲದಿಂದ ತನ್ನ ಕತ್ತರಿಯನ್ನು ತೆಗೆದ. ಎಲ್ಲಿಗೆ ಹೋದರೂ ಅದು, ಸೂಜಿ, ಮೇಣ ತಿಕ್ಕಿದ ದಾರ ಅವನ ಜೊತೆಗೇ ಇರುತ್ತಿದ್ದವು.

"ಬೇಡ ರೀ. ಅಜ್ಜಿ ನೊಂದ್ಕೋತಾರೆ."

"ಅಜ್ಜಿಗೆ ಗೊತ್ತಾದ್ರೆ ತಾನೆ? ಹೊಲಿಗೆ ಬಿಚ್ಚೋ ಹಾಗೆ ಒಂದು ಗೆರೆ ಕತ್ತರಿಸ್ತೀನಿ. ನೋಡಿದ್ಮೇಲೆ ಕೂಡಿಸಿಬಿಡ್ತೀನಿ. ನನ್ನ ರಫೂ ಕಂಡು ಹಿಡಿದೋರು ಇನ್ನೂ ಹುಟ್ಟಿಲ್ಲ."

ಕತ್ತರಿಸಿದ್ದನ್ನು ಹೊಲಿದರೆ ಕತ್ತರಿಸಲೇ ಇಲ್ಲದ ಹಾಗೆ. ಅವನ ಕಸುಬು ಅವನಿಗೆ ಕಲಿಸಿದ್ದು ಅಷ್ಟೇ. ಮೇಲಿನ ಕಪ್ಪು ಕೂದಲಿನಿಂದ ಕೆಳಗಿನ ಬಿಳಿಯವರೆಗೆ ಅಲಗು ಇಳಿಯಿತು. ಒಂದೊಂದು ಗಂಟೂ ಕತ್ತರಿಸಿದಾಗ ತುಸು ಬೆಚ್ಚಗಿನ ಗಾಳಿ ಬೆರಳಿಗೆ ತಾಗಿತು. ಬಲೆಯ ಎರಡು ಅಂಚುಗಳನ್ನು ಸರಿಸಿ ಅವನು ಕಿಟಕಿ ತಳ್ಳಿದ.

ಸಮುದ್ರ!

ಹೆಂಡತಿ ಎದ್ದು ಕೂತಳು. ನೀರು ಹೊಳೆದು ಮಾಡಿನ ಒಳಮೈಯ ಮೇಲೆಲ್ಲ ಬೆಳಕು ಕುಣಿಯಿತು. ಅವಳು ದಿಂಬಿನ ಮೇಲೆ ತಲೆಯಿಟ್ಟು, ಅವನ ಬಲಗೈಯನ್ನು ತನ್ನ ಕೆನ್ನೆಯಡಿಗೆ ಎಳೆದುಕೊಂಡು, ನೋಡಿದಳು, ನೋಡಿದಳು. "ಇಷ್ಟೇ ಸಾಕು ರೀ ನಂಗೆ," ಎಂದಳು. ತಂಗಾಳಿಗೆ ಇಬ್ಬರಿಗೂ ಹಾಗೇ ಜೊಂಪು ಹತ್ತಿತು.

ಎಚ್ಚರವಾದಾಗ ಬೆಳಕು ಸತ್ತಿತ್ತು. ಹೊತ್ತು ಮುಳುಗಿರಲಿಲ್ಲ, ಆದರೆ ಕಡಲಿನ ಮೇಲಿನಿಂದ ಕಪ್ಪು ಮೋಡ ಬಂದು ಆಕಾಶವನ್ನೇ ಮುಚ್ಚಿತ್ತು. ನೀರು ಏರಿತ್ತು. ಕಿಟಕಿಯ ಕೆಳಗೆ ನೆಲ ಒದ್ದೆಯಾಗಿ, ಆ ಒದ್ದೆ ಹಾಸಿಗೆಯ ಪಕ್ಕದವರೆಗೂ ಬಂದಿತ್ತು. ತುಂತುರು ಹೊಡೆದಿದೆ ಎಂದುಕೊಂಡ. ಕೊಳೆತ ಹಗ್ಗದ ವಾಸನೆ. ಬಲಗೈ ಜೋಮು ಹಿಡಿದು ತಣ್ಣಗಿತ್ತು. ಹೆಂಡತಿ ತಲೆಯಿಟ್ಟು ಮಲಗಿದ್ದಕ್ಕೆ ಎಂದುಕೊಂಡ.

"ಏಳೇ, ಅಜ್ಜಿ ಬರೋ ಹೊತ್ತಾಯ್ತು. ಸೂಜಿಗೆ ದಾರ ಪೋಣಿಸು."

ಕಿಟಕಿ ಮುಚ್ಚಿ, ಬಲೆಯ ಅಂಚಿಗೆ ಅಂಚು ಕೂಡಿಸಿ, ಅವನು ಹೊಲಿದ. ಅವಸರದಲ್ಲೂ ಕೈ ತಪ್ಪಲಿಲ್ಲ. ನಿಜ ಹೇಳಬೇಕೆಂದರೆ ಜೋಮು ಹಿಡಿದ ಆ ಕೈ ಎಂದಿಗಿಂತ ಚುರುಕಾಗಿ, ತನಗೇ ಏನೋ ಆತುರವಿದ್ದ ಹಾಗೆ ಓಡಿತು. ಅವನ ಬದುಕಿನಲ್ಲೇ ಅಂಥ ಹೊಲಿಗೆ ಬಿದ್ದಿರಲಿಲ್ಲ.

ಅಜ್ಜಿ ಬಂದಳು. ಒಳಗೆ ಕಾಲಿಟ್ಟು, ಮುರಿದ ಬೆರಳುಗಳನ್ನು ಬಲೆಯ ಮೇಲೆ ಮೇಲಿನಿಂದ ಕೆಳಗೆ ಆಡಿಸಿದಳು. ಕತ್ತರಿ ಉಸಿರು ಹಿಡಿದು ನಿಂತ. ಹೊಲಿಗೆಯ ಮೇಲೆಯೇ ಬೆರಳು ಹಾದುಹೋಯಿತು. ಅವಳಿಗೆ ಗೊತ್ತಾಗಲಿಲ್ಲ. ಒಂದು ಕೆಟ್ಟ ಹೊಲಿಗೆ ಸಿಕ್ಕಿದ್ದರೆ ಅಂದು ಎಲ್ಲರೂ ಪಾರಾಗುತ್ತಿದ್ದರು.

"ಅಗುಳಿ ಹಾಕ್ಕೊಳ್ಳಿ," ಎಂದು ಹೇಳಿ ಅಜ್ಜಿ ಗುಡಿಸಲಿಗೆ ಹೋದಳು.

ಅವರು ದೀಪ ಹಚ್ಚಿದರು. ಅಲೆ ಹಲಗೆಯಡಿಗೆ ಬಂತು. ಹೆಂಡತಿ ಕಿಟಕಿಯ ಕಡೆ ಕಿವಿಗೊಟ್ಟಳು. ನಿನ್ನೆಯ ಹೊತ್ತು ಬಂತು, ಕಳೆಯಿತು. ಬಡಿತವಿಲ್ಲ.

"ನೋಡಿದ್ಯಾ? ದಿಮ್ಮಿ ತೇಲಿಹೋಗಿದೆ," ಎಂದ ಕತ್ತರಿ.

ಹೊರಗೆ ಗುಡಿಸಲಿನಲ್ಲಿ ಪಾತ್ರೆ ಬಿದ್ದ ಸದ್ದು. ಮರಳಿನ ಮೇಲೆ ಓಡಿಬರುವ ಹೆಜ್ಜೆ. ಬಾಗಿಲಿಗೆ ಅಂಗೈ ಬಡಿಯಿತು.

"ಇವತ್ತು ಕಿಟಕಿ ಬಡೀಲಿಲ್ಲ!" ಅಜ್ಜಿಯ ದನಿ ಒಡೆದಿತ್ತು. "ಯಾಕೆ ಬಡೀಲಿಲ್ಲ? ಏನು ಮಾಡಿದ್ರಿ? ಬಾಗಿಲು ತೆಗೀರಿ!"

ಹೆಂಡತಿ ಎದ್ದು ಬಾಗಿಲಿಗೆ ಹೋದಳು. ಕತ್ತರಿಯೂ ಎದ್ದ. ಅಗುಳಿ ತೆಗೆದು ಅವಳಿಗೆ ನೆರವಾಗಬೇಕೆಂದೇ ಎದ್ದ. ಅವನ ಬಲಗೈ ಮುಂದೆ ಚಾಚಿತು. ಅಗುಳಿಯನ್ನಲ್ಲ, ಅವಳ ಜಡೆಯನ್ನು ಹಿಡಿಯಿತು.

ಎಳೆಯಿತು.

ಅವಳು ಹಿಂದಕ್ಕೆ ಬಿದ್ದಳು. ತಲೆ ಮಂಚದ ಕಾಲಿಗೆ ಬಡಿಯಿತು. "ರೀ, ಏನಿದು ಆಟ?" ಎಂದಳು, ಇನ್ನೂ ಅರ್ಧ ನಗುತ್ತಲೇ. ಕೈ ಅವಳ ಬಾಯಿಗೆ ಬಡಿಯಿತು. ಅಂಗೈಯಿಂದಲ್ಲ, ಮುಷ್ಟಿಯಿಂದ. ಹಲ್ಲೊಂದು ನೆಲದ ಮೇಲೆ ಉರುಳಿದ ಸಣ್ಣ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

"ನಾನಲ್ಲ ಕಣೇ!" ಕತ್ತರಿ ಕಿರುಚಿದ. "ನಾನಲ್ಲ! ನನ್ನ ಕೈ, ನಾನಲ್ಲ!"

ಬಾಗಿಲಾಚೆ ಅಜ್ಜಿಯ ಅಂಗೈ ಬಡಿತ ನಿಂತಿತು.

"ಅವನೂ ಹೊಡೆದಾದ ಮೇಲೆ ಹಾಗೇ ಹೇಳ್ತಿದ್ದ," ಎಂದಳು.

ಕೈ ಅಗುಳಿಯನ್ನು ಹುಡುಕಿತು. ಬಾಗಿಲಿಂದ ಕಿತ್ತುಕೊಂಡಿತು. ಅಜ್ಜಿ ಹೊರಗಿನಿಂದ ತಳ್ಳಿದಳು. ಬಾಗಿಲು ತೆರೆಯಲಿಲ್ಲ. ನೀರು ಕುಡಿದು ಹಲಗೆಗಳು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿದ್ದವು. ಅವುಗಳ ಸಂದಿಯಿಂದ ಉಪ್ಪುನೀರು ಜಿನುಗುತ್ತಿತ್ತು. ಅಗುಳಿ ಮೇಲೆದ್ದಿತು. ಹುಟ್ಟು ಹಾಕುವವನ ತೋಳಿನಂತೆ ಅವನ ತೋಳು ಅಗಲವಾಗಿ, ಎಣಿಕೆ ತಪ್ಪದೆ, ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು. ಅವಳ ಹೆಗಲು. ಮತ್ತೆ. ಅವಳ ಬೆನ್ನು. ಮತ್ತೆ. ದೀಪ ಉರುಳಿ ಆರಿತು. ಕತ್ತಲು. ಕತ್ತಲಲ್ಲಿ ಮರ ಮಾಂಸಕ್ಕೆ ಬಡಿಯುವ ಸದ್ದು. ಅವಳ ಅಳು. ಅವನ ಅಳು. ಕೊಳೆತ ಹಗ್ಗ, ಹಸಿ ರಕ್ತ, ಉಪ್ಪು.

ಕತ್ತರಿ ಎಡಗೈಯಿಂದ ತನ್ನ ಬಲಮಣಿಕಟ್ಟನ್ನು ಹಿಡಿದ. ಅದು ಐಸಿನಂತಿತ್ತು. ಉಗುರುಗಳ ಸಂದಿಯಿಂದ ನೀರು ಸುರಿಯುತ್ತಿತ್ತು. ಅದನ್ನು ಎದೆಗೆ ಅವಚಿಕೊಂಡು ನೆಲಕ್ಕೆ ಬಿದ್ದ. ಅದು ಅವನ ಗಂಟಲಿಗೇ ಬಂತು. ಬೆರಳುಗಳು ಬಿಗಿದವು.

"ಕಿಟಕಿ ದಾರಿ ಬಿಡಿ ಅವನಿಗೆ!" ಅಜ್ಜಿ ಹೊರಗಿನಿಂದ ಕೂಗಿದಳು. "ಬಂದ ದಾರೀಲೇ ಹೋಗ್ಬೇಕು ಅವನು! ದಾರಿ ಇಲ್ಲದ್ದಕ್ಕೆ ಒಳಗೆ ಸೇರ್ಕೊಂಡಿದಾನೆ!"

ದಾರಿಯನ್ನು ಹೊಲಿದವನು ಇವನೇ. ಒಂದು ಎಳೆಯೂ ಬಿಡದ ಹಾಗೆ.

"ಬಲೆ..." ಎಂದ ಕತ್ತರಿ, ಉಸಿರಿನ ಕೊನೆಯ ಎಳೆಯಲ್ಲಿ. "ಬಲೆ ಬಿಚ್ಚು..."

ಅವಳು ತೆವಳಿದಳು. "ಕತ್ತರಿ ಎಲ್ಲಿ? ಕತ್ತರಿ ಸಿಗ್ತಿಲ್ಲ ರೀ!"

"ಹಲ್ಲು! ಹಲ್ಲಿಂದ ಕಡಿಯೇ!"

ಚೌಕಟ್ಟು ಹಿಡಿದು ಅವಳು ಮೇಲೆದ್ದಳು. ಒಡೆದ ಬಾಯಿಯನ್ನು ಬಲೆಗೆ ಒತ್ತಿದಳು. ಬೆರಳಿಗೆ ಸಿಗದ ಹೊಲಿಗೆ ನಾಲಿಗೆಗೆ ಸಿಕ್ಕಿತು. ಮೇಣದ ರುಚಿ. ಆ ದಾರಕ್ಕೆ ಮೇಣ ತಿಕ್ಕಿದವಳು ಅವಳೇ. ಕಡಿದಳು. ಒಂದು ಎಳೆ. ಉಗಿದಳು. ರಕ್ತ, ಕೂದಲು, ದಾರ. ಇನ್ನೊಂದು. ಹಿಂದೆ ಗಂಡನ ಗಂಟಲಿನ ಗೊರಗೊರ. ಇನ್ನೊಂದು. ಒಸಡು ಸೀಳಿತು. ಬಿಡಲಿಲ್ಲ. ಬಲೆ ಬಿರಿಯಿತು. ಭುಜ ಕೊಟ್ಟು ಕಿಟಕಿ ತಳ್ಳಿದಳು.

ಗಾಳಿ ನುಗ್ಗಿತು. ಕೈ ಗಂಟಲು ಬಿಟ್ಟು ಹೊರಗಿನ ಸದ್ದಿನ ಕಡೆ ತಿರುಗಿತು. ಕತ್ತರಿ ಅದೇ ಗಳಿಗೆಗೆ ಕಾದಿದ್ದ. ಮೈಯೆಲ್ಲ ಎತ್ತಿ ಎಸೆದವನಂತೆ ಕಿಟಕಿಗೆ ಬಿದ್ದು, ಆ ತೋಳನ್ನು ಮೊಣಕೈಯವರೆಗೂ ಆಚೆಗೆ ಚಾಚಿ ಹಿಡಿದ.

"ಮುಚ್ಚು!" ಎಂದ. "ಕೈ ಮೇಲೇ ಮುಚ್ಚು!"

"ಆಗಲ್ಲ ರೀ..."

"ಮತ್ತೆ ನಿನ್ನ ಹೊಡೆಯುತ್ತೆ ಕಣೇ! ಮುಚ್ಚೇ!"

ಅವಳು ಮುಚ್ಚಿದಳು. ದಪ್ಪ ಮರದ ಕಿಟಕಿ, ಹಳೆಯ ಕಬ್ಬಿಣದ ಅಂಚು. ಎಲುಬು ಮುರಿದ ಸದ್ದು. ಅವನು ಕೂಗಿದ. ಅವಳು ಮತ್ತೆ ತೆರೆದು ಮತ್ತೆ ಬಡಿದಳು. ಮತ್ತೆ. ಕಣ್ಣು ಮುಚ್ಚಿಕೊಂಡು, ಒಡೆದ ಬಾಯಿಂದ ಊಳಿಡುತ್ತ, ಬಡಿದಳು. ಆಚೆ ನೀರಿಗೆ ಏನೋ ಭಾರವಾದದ್ದು ಬಿದ್ದ ಹಾಗಾಯಿತು. ಅಥವಾ ಅಲೆ.

ಬಾಗಿಲಿನ ಹಲಗೆಗಳು ಸಡಿಲಾದವು. ಅಜ್ಜಿ ಲಾಟೀನು ಹಿಡಿದು ಒಳಗೆ ಬಂದಳು. ನೆಲ ನೋಡಿದಳು, ಹುಡುಗಿಯ ಮುಖ ನೋಡಿದಳು. ಆ ಮುಖದ ದವಡೆಯ ಮೇಲೆ ಅವಳ ದೃಷ್ಟಿ ತಡೆದು ನಿಂತಿತು. ಆಮೇಲೆ ಕತ್ತರಿಯ ಕೈಯನ್ನು ಬೆಳಕಿಗೆ ಹಿಡಿದಳು. ಒಂದು ಹನಿ ರಕ್ತ ಬಂದಿರಲಿಲ್ಲ.

"ಹೋಗಿದ್ದನ್ನ ಕಣ್ಣಾರೆ ನೋಡಿದ್ರಾ?" ಎಂದು ಕೇಳಿದಳು.

ಇಬ್ಬರೂ ನೋಡಿರಲಿಲ್ಲ.

*

ಮಳೆ ಹಿಡಿದ ಮೇಲೆ ಅಂಗಡಿ ಮತ್ತೆ ತೆರೆಯಿತು. ಬಟ್ಟೆ ಕತ್ತರಿಸುವುದು ಈಗ ಹೆಂಡತಿಯ ಕೆಲಸ. ಅವನು ಎಡಗೈಯಿಂದ ಅಳತೆ ಹಿಡಿಯುತ್ತಾನೆ, ಇಸ್ತ್ರಿ ಮಾಡುತ್ತಾನೆ. ಬಲಗೈ ಮಡಿಲಲ್ಲಿ ಬಿದ್ದಿರುತ್ತದೆ. ಡಾಕ್ಟರು ಎಲುಬು ಕೂಡಿದೆ ಎಂದಿದ್ದರು, ನರ ಸತ್ತಿದೆ ಎಂದಿದ್ದರು. ಬೀದಿಯವರು ಬಂದು ಕೇಳಿದರೆ, ಬೈಕಿಂದ ಬಿದ್ದೆವು ಎನ್ನುತ್ತಾಳೆ ಅವಳು. ಅವಳ ಮಾತು ಈಗ ಬಾಯಿಯ ಒಂದು ಬದಿಯಿಂದ ಬರುತ್ತದೆ. ಯಾರೂ ಅವಳ ಜೊತೆ ತಮಾಷೆ ಮಾಡುವುದಿಲ್ಲ. ಕತ್ತರಿ ಎಂದು ಅವನನ್ನು ಕರೆಯುವುದನ್ನೂ ಬಿಟ್ಟಿದ್ದಾರೆ.

ಗೋಡೆಯ ಕ್ಯಾಲೆಂಡರನ್ನು ಅವಳೇ ಹರಿದು ಹಾಕಿದಳು.

ಒಂದು ದಿನ ಡ್ರೈವರನ ಲಾರಿ ಅಂಗಡಿಯ ಮುಂದೆ ನಿಂತಿತು. ಇಳಿದವಳು ಅಜ್ಜಿ. ತಲೆ ನೀಟಾಗಿ ಬಾಚಿ, ಒಗೆದ ಸೀರೆಯುಟ್ಟು, ಬೀದಿಯನ್ನು ಮಗುವಿನ ಹಾಗೆ ನೋಡುತ್ತ ಬಂದಳು. ಡ್ರೈವರ್ ಇಳಿಯಲಿಲ್ಲ. ಇತ್ತ ತಿರುಗಿಯೂ ನೋಡಲಿಲ್ಲ.

"ಊರು ದಾಟಿ ಎಷ್ಟು ಕಾಲ ಆಯ್ತೋ," ಎಂದಳು ಅಜ್ಜಿ ಸ್ಟೂಲಿನ ಮೇಲೆ ಕೂತು. "ಮಂಚಾನ ಕಿಟಕಿ ಪಕ್ಕಕ್ಕೆ ಎಳ್ಕೊಂಡಿದೀನಿ. ತೆಗೆದೇ ಮಲಗ್ತೀನಿ. ಮಲಗಿದಲ್ಲಿಂದಲೇ ಸಮುದ್ರ ಕಾಣುತ್ತೆ. ಚೆಂದ ಇದೆ ತಾಯಿ."

ಹೆಂಡತಿಯ ಕತ್ತರಿ ಬಟ್ಟೆಯ ನಡುವೆ ನಿಂತಿತು. "ಸಂಜೆ?"

"ಯಾರೂ ಬರಲ್ಲ ಈಗ." ಅಜ್ಜಿ ಅವನ ಮಡಿಲಿನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. "ಆ ದಿನದಿಂದ ಬಂದೇ ಇಲ್ಲ."

ಸೆರಗಿನ ಗಂಟು ಬಿಚ್ಚಿ ಒಂದು ಉಂಡೆಯನ್ನು ಮೇಜಿನ ಮೇಲಿಟ್ಟಳು. ನೂಲಿನ ಉಂಡೆ, ಬಲೆ ಹೆಣೆಯುವ ಗಟ್ಟಿ ನೂಲು. ಹೊಸದು.

"ಕೂದಲು ನಿಂದೇ ಆಗ್ಬೇಕು," ಎಂದಳು ಮೆಲ್ಲಗೆ. "ಬಾಚಿದಾಗ ಉದುರಿದ್ದನ್ನ ಚೆಲ್ಲಬೇಡ. ನನ್ನ ಋಣ ನಾನು ತೀರಿಸಿದೆ. ನಿಮ್ಮದು..."

ಮುಗಿಸದೆ ಎದ್ದಳು. ಬಾಗಿಲಲ್ಲಿ ಒಮ್ಮೆ ನಿಂತಳು. ಕ್ಷಮಿಸು ಎನ್ನುವ ಹಾಗಿತ್ತು ಅವಳ ಮುಖ. ಆದರೆ ಅನ್ನಲಿಲ್ಲ. ಲಾರಿ ಹೋಯಿತು.

ಹೊರಗೆ ಹೊತ್ತಿಳಿಯುತ್ತಿತ್ತು. ಬಹಳ ದೂರದಲ್ಲಿ, ಇಲ್ಲಿಗೆ ಕೇಳಿಸದ ಕಡೆ, ನೀರು ಏರುವ ಹೊತ್ತು. ಮಡಿಲಿನಲ್ಲಿ ಸತ್ತು ಬಿದ್ದಿದ್ದ ಕೈಯ ಬೆರಳುಗಳು ಒಂದೊಂದಾಗಿ ಮಡಿಚಿಕೊಂಡವು, ಹುಟ್ಟಿನ ಹಿಡಿಯನ್ನು ಹಿಡಿದಂತೆ. ಗೆಣ್ಣು ಮೇಜಿನ ಅಡಿಯ ಹಲಗೆಗೆ ತಾಗಿತು. ನಿಧಾನವಾಗಿ, ಒದ್ದೆ ಮರದಿಂದ ಒಣ ಮರಕ್ಕೆ ಬಡಿದ ಹಾಗೆ.

ಹೆಂಡತಿ ಬಾಗಿಲು ಹಾಕಿ ಬಂದಳು. ಜಡೆ ಬಿಚ್ಚಿ, ಬಾಚಣಿಗೆಗೆ ಸಿಕ್ಕ ಕೂದಲನ್ನು ನೂಲಿಗೆ ಸೇರಿಸಿ ಹೊಸೆದಳು. ಅವನು ಎಡಗೈಯಿಂದ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟ. ಅವಳು ಮಣಿಕಟ್ಟಿಗೆ ಸುತ್ತಿದಳು. ಮೇಜಿನ ಕಾಲಿಗೆ ಎಳೆದು ಬಿಗಿದಳು. ಗಂಟಿನ ಮೇಲೆ ಗಂಟು.

"ಇನ್ನೂ ಗಟ್ಟಿಯಾಗಿ," ಎಂದ ಅವನು.

ಅವಳು ಬಗ್ಗಿ, ಉಳಿದ ಹಲ್ಲುಗಳಿಂದ ನೂಲಿನ ತುದಿಯನ್ನು ಕಡಿದಳು. ಅವನು ಬೇಡವೆನ್ನಲಿಲ್ಲ. ಆಮೇಲೆ ಅವಳು ತನ್ನ ಹಾಸಿಗೆಯನ್ನು ಸುತ್ತಿಕೊಂಡು ಒಳಕೋಣೆಗೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡಳು.